ಎಂ-20 ನಟ್ಟಿನಿಂದ ಕಲಮಿಗೆ ಸಾಣೆ: ನನ್ನ ಅನುಭವ

ಕಲಮು (ಲೋಹದ ಮೇಲೆ ಗೆರೆ ಕೊರೆಯುವ ಉಳಿ) ಜಾರುತ್ತಿದೆ, ತುದಿ ಮುರಿಯುತ್ತಿದೆ, ಗೆರೆ ಒಂದು ಕಡೆ ಆಳ ಇನ್ನೊಂದು ಕಡೆ ತೆಳು ಬರುತ್ತಿದೆ ಎನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ. ತೊಂದರೆ ಇರುವುದು ಸಾಣೆಯಲ್ಲಿ, ಅದರ ಕೋನವನ್ನು ಒಂದು ನಟ್ಟಿನಿಂದಲೇ ಹಿಡಿಯಬಹುದು. ಬೀದರಿನಲ್ಲಿ ಈ ಮಾತು ಹೇಳಿದಾಗ ಯಾರೂ ಒಪ್ಪಲಿಲ್ಲ. "ಕೋನ ಕಣ್ಣಾಗ ಇರಬೇಕು ಬೇಟಾ, ನಟ್ಟಿನಾಗ ಅಲ್ಲ" ಎಂದು ನಮ್ಮ ಓಣಿಯ ಉಸ್ತಾದರೊಬ್ಬರು ನಕ್ಕರು. ಅವರ ಮಟ್ಟಿಗೆ ಅದು ನಿಜವೇ. ಚಿಕ್ಕಂದಿನಿಂದ ಬಿದ್ರಿ ಕೆಲಸಕ್ಕೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸಕ್ಕೆ, ಕೂತವರು ಅವರು. ನಾನು ಮೂವತ್ತೈದು ದಾಟಿದ ಮೇಲೆ ಶುರು ಮಾಡಿದವನು, ಅಷ್ಟು ವರ್ಷ ಕಾಯುವುದಕ್ಕೆ ನನಗೆಲ್ಲಿ ಪುರುಸೊತ್ತು?

ಮೊದಲು ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದ್ದೆ, ಎರಡು ಸಾವಿರದ ಹತ್ತಿರ ಹೋಯಿತು. ಉಕ್ಕು ಮೆತ್ತಗೆ. ಹಿತ್ತಾಳೆ ಮೇಲೆ ನಾಲ್ಕು ಗೆರೆ ಎಳೆಯುವಷ್ಟರಲ್ಲಿ ತುದಿ ಮೊಂಡು. ಆಮೇಲೆ ಕಾಂಕ್ರೀಟ್ ಮೊಳೆ, ಮುರಿದ ಡ್ರಿಲ್ ಬಿಟ್, ಹಳೇ ಅರ ಎಲ್ಲವನ್ನೂ ಉಜ್ಜಿ ನೋಡಿದೆ. ಅರದ ಉಕ್ಕು ಒಳ್ಳೆಯದು, ಆದರೆ ಗ್ರೈಂಡರ್‌ನಲ್ಲಿ ಒಂದು ಕ್ಷಣ ಜಾಸ್ತಿ ಹಿಡಿದರೂ ತುದಿ ನೀಲಿಗೆ ತಿರುಗುತ್ತದೆ, ಹದ ಹೋಯಿತು ಅಂತ ಅರ್ಥ. ಕೊನೆಗೆ ನಿಂತದ್ದು ಲೇತ್‌ನವರು ಬಳಸುವ ಹೆಚ್‌ಎಸ್‌ಎಸ್ ಚೌಕ ಬಿಟ್ (ಹೈ ಸ್ಪೀಡ್ ಸ್ಟೀಲಿನ ಕಡ್ಡಿ), 3 ಎಂಎಂ ದಪ್ಪದ್ದು. ನೂರು ರೂಪಾಯಿ ಒಳಗೇ ಸಿಕ್ಕ ನೆನಪು. ಅದು ಬಿಸಿಗೆ ಅಷ್ಟು ಸುಲಭವಾಗಿ ಹದ ಬಿಡುವುದಿಲ್ಲ. ಹಿಡಿಗೆ ಮೇಜಿನ ಡ್ರಾಯರ್‌ನ ಮರದ ಗುಂಡಿ, ಅಂಗೈಗೆ ಸರಿಯಾಗಿ ಕೂರುತ್ತದೆ.

ಈಗ ನಟ್ಟಿನ ವಿಷಯ. ಎಂ-20, ಅಂದರೆ 20 ಎಂಎಂ ದಪ್ಪದ ಬೋಲ್ಟಿನ ತುಂಡಿಗೆ ನಡುವೆ ಉದ್ದಕ್ಕೂ ತೂತು ಹೊಡೆಸಿ, ಅದರ ಮೇಲೆ ನಟ್ಟು ಕೂರಿಸಿ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿದೆ. ತೂತಿಗೆ ತೂರಿಸಿದ ಬಿಟ್ ಅಲುಗಾಡದಂತೆ ಪಕ್ಕದಿಂದ ಒಂದು ಅಲನ್ ಸ್ಕ್ರೂ. ಲೇತ್ ಅಂಗಡಿಯವನು ಇನ್ನೂರೋ ಮುನ್ನೂರೋ ತೆಗೆದುಕೊಂಡ. ನಟ್ಟಿಗೆ ಆರು ಮುಖ ಅಲ್ವಾ? ಒಂದು ಮುಖದ ಮೇಲೆ ಕೂರಿಸಿ ಉಜ್ಜಿ, ಪಕ್ಕದ ಮುಖಕ್ಕೆ ಹೊರಳಿಸಿ ಅಷ್ಟೇ ಉಜ್ಜಿದರೆ ತುದಿಯ ಕೆಳಗೆ 120 ಡಿಗ್ರಿಯ ವಿ ತಾನಾಗಿಯೇ ಬರುತ್ತದೆ. ಅಳೆಯುವ ಕೆಲಸವೇ ಇಲ್ಲ. ನಟ್ಟು ಕೂರುವ ಹಲಗೆಯನ್ನು ಕಲ್ಲಿನ ಕಡೆಗೆ 15 ಡಿಗ್ರಿ ಇಳಿಜಾರು ಮಾಡಿಕೊಳ್ಳಿ. ಇದು ಹಿಮ್ಮಡಿಗೆ, ಅಂದರೆ ತುದಿಯ ಅಡಿಯ ಸಣ್ಣ ಇಳಿಜಾರಿಗೆ. ತುದಿಯ ಮುಂಭಾಗದ 45 ಡಿಗ್ರಿ ಇಳಿಜಾರಿಗೆ ಇನ್ನೊಂದು ಹಲಗೆ ಬೇಕು. ಅಲ್ಲಿ ನಟ್ಟಿನ ಮೂಲೆ ಕೆಳಗೆ ಬರುವುದರಿಂದ ಹಲಗೆಯಲ್ಲಿ ವಿ ಆಕಾರದ ತೋಡು ಕೊರೆಯಬೇಕು, ಇಲ್ಲದಿದ್ದರೆ ನಟ್ಟು ಹೊರಳುತ್ತದೆ. 600 ಗ್ರಿಟ್ ವಜ್ರದ ಪ್ಲೇಟು, ಆಮೇಲೆ 1200, ಕೊನೆಗೆ ಚರ್ಮದ ಮೇಲೆ ಪಾಲಿಶ್.

ಹಿಮ್ಮಡಿಯ ಉದ್ದವೇ ಎಲ್ಲಾ. ಜಾಸ್ತಿ ಉದ್ದ ಬಿಟ್ಟರೆ ತಿರುವಿನಲ್ಲಿ ಅದರ ಹಿಂಭಾಗ ಗೆರೆಯ ಅಂಚನ್ನು ತಿಕ್ಕಿ ಹಾಳು ಮಾಡುತ್ತದೆ. ಹಿಮ್ಮಡಿಯೇ ಇಲ್ಲದಿದ್ದರೆ ಕಲಮು ಲೋಹದೊಳಗೆ ಮುಳುಗಿ ತುದಿ ಪಟ್ ಅಂತ ಹೋಗುತ್ತದೆ. ನಾನು ಎಷ್ಟು ಬಿಡುತ್ತೇನೆ ಅಂತ ಹೇಳುವುದಿಲ್ಲ, ಕೂದಲಿನ ದಪ್ಪದಿಂದ ಶುರು ಮಾಡಿ, ನಿಮಗೇ ಸಿಗುತ್ತದೆ.

ತಗಡನ್ನು ಹಿಡಿಸಲು ಅರಗಿಗೆ ಇಟ್ಟಿಗೆ ಪುಡಿ ಬೆರೆಸಿದ್ದು ಬಳಸುತ್ತೇನೆ. ಎಲ್ಲರಿಗೂ ಗೊತ್ತಿರುವುದೇ. ಆದರೆ ನಮ್ಮ ಏಪ್ರಿಲ್ ಮೇ ಬಿಸಿಲಿಗೆ ತಗಡಿನ ಶೀಟಿನ ಕೆಳಗೆ ಕೂತರೆ ಅರಗು ಮೆತ್ತಗಾಗಿ ಕೆಲಸ ಸರಿಯುತ್ತದೆ. ಬೇಸಿಗೆಗೆ ಪುಡಿ ಜಾಸ್ತಿ ಹಾಕುತ್ತೇನೆ, ಜೊತೆಗೆ ಇನ್ನೊಂದು ವಸ್ತುವೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಅಭ್ಯಾಸಕ್ಕೆ ತಾಮ್ರ ಬೇಡ, ಅಂಟಂಟಾಗಿ ಎಳೆಯುತ್ತದೆ. ಹಿತ್ತಾಳೆ ಒಳ್ಳೆಯದು. ಆಮೇಲೆ ಬಿದ್ರಿ ಎರಕದ ತುಂಡುಗಳಿಗೆ ಹೋದೆ. ಬಹುಪಾಲು ಸತು, ಅದಕ್ಕೆ 16ಕ್ಕೆ 1ರ ಆಸುಪಾಸಿನಲ್ಲಿ ತಾಮ್ರ. ಉಸ್ತಾದರು ಕೊರೆಯುವ ಮುಂಚೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಳ್ಳುತ್ತಾರಲ್ಲ, ಆಗ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಅದನ್ನೇ ಹಿತ್ತಾಳೆಗೆ ಸವರಿ ನೋಡಿದೆ, ಏನೂ ಆಗಲಿಲ್ಲ. ಬಹುಪಾಲು ಸತು ಇರುವ ಬಿದ್ರಿಗೆ ಹಿಡಿಯುತ್ತದೆ, ಹಿತ್ತಾಳೆಗಲ್ಲ. ಹಿತ್ತಾಳೆಗೆ ಬಿಳಿ ಪೋಸ್ಟರ್ ಬಣ್ಣ ತೆಳುವಾಗಿ ಬಳಿದು ಪೆನ್ಸಿಲ್‌ನಲ್ಲಿ ಗೀಚಿದರೆ ಸಾಕು. ಮೈಲುತುತ್ತ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ, ಬೋರ್ಡೋ ದ್ರಾವಣಕ್ಕೆ ರೈತರು ಒಯ್ಯುತ್ತಾರಲ್ಲ, ಅದೇ.

ಸುಮ್ನೆ ಹೂಬಳ್ಳಿಗೆ ಕೈ ಹಾಕಬೇಡಿ. ಒಂದೊಂದು ಮಿಲಿಮೀಟರಿಗೆ ಒಂದು ನೇರ ಗೆರೆ, ಬೇಜಾರಾಗುವವರೆಗೆ. ತಿರುವು ಬಂದಾಗ ಕಲಮಿನ ಕೈ ಅಲ್ಲೇ ಇರಲಿ, ಎಡಗೈಯಿಂದ ಕೆಲಸವನ್ನು ತಿರುಗಿಸಿ. ಕೆಳಗೆ ಮರಳಿನ ಚರ್ಮದ ಚೀಲ ಇಟ್ಟರೆ ಸಲೀಸು.

ಕೊನೆಗೆ ಒಂದು ದುಂಡು ಡಬ್ಬಿಯ ಮುಚ್ಚಳಕ್ಕೆ ಬಳ್ಳಿ ಕೊರೆದು ಬೆಳ್ಳಿ ತಂತಿ ಕೂರಿಸಿದೆ. ಬೆಳ್ಳಿ ರೇಟು ನೋಡಿದರೆ ಕೈ ನಡುಗುತ್ತದೆ, ಅದಕ್ಕೇ ಅಲ್ಲಿಯವರೆಗೆ ತಂತಿ ಮುಟ್ಟಿರಲಿಲ್ಲ. ಬೀದರ್ ಕೋಟೆಯ ಮಣ್ಣು, ನವಸಾಗರದ (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಪ್ಪು ಮಾಡಿ ಎಣ್ಣೆ ತಿಕ್ಕಿದ ಮೇಲೆ ಅದೇ ಉಸ್ತಾದರ ಮುಂದೆ ಇಟ್ಟೆ. ಉಗುರಿನಿಂದ ತಂತಿ ಎಬ್ಬಿಸಲು ನೋಡಿದರು, ಕದಲಲಿಲ್ಲ. ಭೂತಗನ್ನಡಿ ತಂದು ಅಂಚು ನೋಡಿದರು. "ಯಾರ್ ಕೊರ್ದಾರ?" ಅಂದರು. ನಾನೇ ಅಂದೆ. ಅವರ ಮೊಮ್ಮಗ ನಟ್ಟು ನೋಡುತ್ತೇನೆ ಅಂತ ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ, ನಾನು ಇನ್ನೊಂದು ಮಾಡಿಸಿಕೊಂಡೆ.

ಸ್ಟೀಲ್ ಲೋಟಕ್ಕೆ ಹೆಸರು ಹಾಕುವವರು ಇದೇ ಕಲಮಿನಿಂದ ಹೋಗಬೇಡಿ. ಹಿಮ್ಮಡಿ 20 ಡಿಗ್ರಿ ಮಾಡಿ, ಬಿಟ್ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಇರಲಿ. ಕಾರ್ಬೈಡ್‌ಗೆ ಮಾಮೂಲಿ ಸಾಣೆಕಲ್ಲು ನಡೆಯುವುದಿಲ್ಲ, ವಜ್ರದ ಪ್ಲೇಟೇ ಬೇಕು. ನಟ್ಟು ಅದೇ ಸಾಕು, ಹಿಮ್ಮಡಿಯ ಹಲಗೆಯ ಇಳಿಜಾರನ್ನು ಮಾತ್ರ 15ರಿಂದ 20 ಡಿಗ್ರಿಗೆ ಬದಲಿಸಿ.