ಓರ್ಛಾದಲ್ಲಿ ರಾತ್ರಿ ಉಳಿಯಬೇಕು

ಮಧ್ಯಪ್ರದೇಶದ ಓರ್ಛಾಕ್ಕೆ ಸುಮಾರು ಜನ ಬರುವುದು ಖಜುರಾಹೊಗೆ ಹೋಗುವ ದಾರಿಯಲ್ಲಿ. ಎರಡು ಗಂಟೆ ಸುತ್ತಿ, ನಾಲ್ಕು ಫೋಟೋ ತೆಗೆದು ಮತ್ತೆ ಕಾರು ಹತ್ತುತ್ತಾರೆ. ನನಗೆ ಅಲ್ಲಿ ಉಳಿದೇ ನೋಡಬೇಕಿತ್ತು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಝಾನ್ಸಿಯಲ್ಲಿ ಇಳಿದೆ. ಅಲ್ಲಿಂದ ಆಟೋದಲ್ಲೇ ಹೋಗುವಷ್ಟು ದೂರ. ರಾಮರಾಜ ದೇವಸ್ಥಾನದ ಪಕ್ಕದಲ್ಲೇ ರೂಮು ಹಿಡಿದಿದ್ದರಿಂದ ಆಮೇಲೆ ಗಾಡಿ ಬೇಕಾಗಲಿಲ್ಲ.

ಬೆಳಿಗ್ಗೆ ಬೇಗ ಕೋಟೆಗೆ ಹೋದೆ. ಕಲ್ಲಿನ ಸೇತುವೆ ದಾಟಿದರೆ ಅರಮನೆಗಳು. ಇಲ್ಲಿ ಕೊಡುವ ಟಿಕೆಟ್ ಊರಿನ ಬೇರೆ ಸ್ಮಾರಕಗಳಿಗೂ ನಡೆಯುತ್ತದೆ, ಸುಮ್ನೆ ಬಿಸಾಕಬೇಡಿ. ಎಲ್ಲರೂ ಜಹಾಂಗೀರ್ ಮಹಲಿಗೆ ನುಗ್ಗುತ್ತಿದ್ದರು, ನಾನು ಮೊದಲು ರಾಜಾ ಮಹಲಿಗೆ ಹೋದೆ. ಹೊರಗೆ ಬರೀ ಬೋಳು ಗೋಡೆ. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿ ತುಂಬ ವಿಷ್ಣುವಿನ ಅವತಾರಗಳು, ರಾಮಾಯಣದ ದೃಶ್ಯಗಳು. ಬಣ್ಣ ಅಲ್ಲಲ್ಲಿ ಉದುರಿದ್ದರೂ ಕೆಂಪು ಇನ್ನೂ ಗಟ್ಟಿಯಾಗಿದೆ.

ಜಹಾಂಗೀರ್ ಮಹಲಿನ ಹಿಂದೆ ಒಂದು ಕೊಲೆಯ ಕಥೆಯಿದೆ. ಅಕ್ಬರನ ಆಪ್ತ ಅಬುಲ್ ಫಜಲ್‌ನನ್ನು 1602ರಲ್ಲಿ ಕೊಂದಿದ್ದು ಓರ್ಛಾ ಆಳಿದ ಬುಂದೇಲ ವಂಶದ ಬೀರ್ ಸಿಂಗ್ ದೇವ್. ಮಾಡಿಸಿದ್ದು ಅಕ್ಬರನ ಮಗ, ರಾಜಕುಮಾರ ಸಲೀಂ. 1605ರಲ್ಲಿ ಸಲೀಂ ಜಹಾಂಗೀರ್ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಬಂದ, ಬೀರ್ ಸಿಂಗನಿಗೆ ಓರ್ಛಾದ ಗದ್ದುಗೆ ಸಿಕ್ಕಿತು. ಆ ಋಣಕ್ಕೆ ಕಟ್ಟಿದ ಮಹಲು ಇದು ಅನ್ನಬಹುದು, ಅಲ್ವಾ? ಬಾಗಿಲಿನ ಎರಡೂ ಕಡೆ ಕಲ್ಲಿನ ಆನೆಗಳು. ಗೋಡೆಯ ಮೇಲ್ಭಾಗದಲ್ಲಿ ನೀಲಿ ಹೆಂಚಿನ ಬಿಲ್ಲೆಗಳು ಇನ್ನೂ ಒಂದಿಷ್ಟು ಉಳಿದಿವೆ. ಮೆಟ್ಟಿಲು ಮಾತ್ರ ಮೊಣಕಾಲೆತ್ತರ, ಕತ್ತಲು ಬೇರೆ. ಮಂಡಿ ನೋವಿರುವವರು ಕೆಳಗಿನ ಅಂಗಳದಲ್ಲೇ ಕೂರುವುದು ಒಳ್ಳೆಯದು. ಹತ್ತಿದವರಿಗೆ ಜಾಲಂಧ್ರದ ಆಚೆ ಬೇತ್ವಾ ನದಿ ಕಾಣುತ್ತದೆ.

ಸಂಜೆ ರಾಮರಾಜ ದೇವಸ್ಥಾನ. ಇಲ್ಲಿ ರಾಮ ದೇವರಷ್ಟೇ ಅಲ್ಲ, ಊರಿನ ರಾಜ. ಆರತಿ ಹೊತ್ತಿಗೆ ಪೊಲೀಸರು ಬಂದೂಕು ಹಿಡಿದು ಸಲಾಮು ಹೊಡೆಯುತ್ತಾರೆ. ಅಯೋಧ್ಯೆಯಿಂದ ಮೂರ್ತಿ ತಂದ ರಾಣಿ ಗಣೇಶ ಕುಂವರಿ, ಪಕ್ಕದ ಚತುರ್ಭುಜ ದೇವಸ್ಥಾನ ಮುಗಿಯಲಿ ಅಂತ ತನ್ನ ಅರಮನೆಯಲ್ಲಿ ಇಟ್ಟಳಂತೆ. ಮೂರ್ತಿ ಆಮೇಲೆ ಕದಲಲೇ ಇಲ್ಲ ಅನ್ನುತ್ತಾರೆ ಊರವರು. ಎರಡು ಗಂಟೆಯಲ್ಲಿ ಹೊರಡುವವರಿಗೆ ತಪ್ಪುವುದು ಈ ಆರತಿಯೇ.

ಮರುದಿನ ನದಿ ದಂಡೆಯ ಛತ್ರಿಗಳನ್ನು, ಅಂದರೆ ರಾಜರ ನೆನಪಿಗೆ ಕಟ್ಟಿದ ಮಂಟಪಗಳನ್ನು ನೋಡಿದೆ. ಅವುಗಳ ಗೋಪುರದಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಆಮೇಲೆ ಗುಡ್ಡದ ಮೇಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ನಡೆದೆ. ಪುರಾಣದ ಚಿತ್ರಗಳ ನಡುವೆಯೇ ಬಂದೂಕು ಹಿಡಿದ ಬ್ರಿಟಿಷ್ ಸಿಪಾಯಿಗಳು, 1857ರ ಕಾಳಗ! ಅಲ್ಲಿ ಜನ ಕಮ್ಮಿ, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಹೊತ್ತು ಸಾಲದಿದ್ದರೆ ಕೋಟೆಯಲ್ಲಿರುವ ರಾಯ್ ಪ್ರವೀಣ್ ಮಹಲ್ ಬಿಟ್ಟರೂ ನಡೆಯುತ್ತದೆ, ಇದನ್ನು ಬಿಡಬೇಡಿ.