ಮೆಣಸಿನಕಾಯಿ ಇಲ್ಲದ ಕರಾವಳಿ ಊಟ: ನನ್ನ ಅನುಭವ

ನಾನು ತೀರ್ಥಹಳ್ಳಿಯಲ್ಲಿ ಊಟದ ಆರ್ಡರ್ ಹಿಡಿದು ಅಡುಗೆ ಮಾಡಿಕೊಡುತ್ತೇನೆ. ತವರು ಘಟ್ಟದ ಕೆಳಗೆ, ಉಡುಪಿ ಕಡೆ. ಹಾಗಾಗಿ ಇಲ್ಲಿನವರು ನನ್ನ ಹತ್ತಿರ ಕೇಳೋದು ಕರಾವಳಿ ಊಟವನ್ನೇ. ಕೆಂಪು ಸಾರು, ಅನಾನಸ್ ಮೆಣಸ್ಕಾಯಿ ಅನ್ನೋ ಸಿಹಿ-ಹುಳಿ-ಖಾರದ ಗೊಜ್ಜು, ಗೇರುಬೀಜದ ಪಲ್ಯ. ತಮಾಷೆ ಅಂದ್ರೆ ಒಣಮೆಣಸು, ಅನಾನಸು, ಗೇರು ಮೂರೂ ಅಮೆರಿಕ ಖಂಡದವು, ಪೋರ್ಚುಗೀಸರ ಹಡಗು ಹತ್ತಿ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ, ಗೋವಾ ಅವರ ಕೈಗೆ ಹೋದದ್ದು 1510ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಖಾರ ಅಂದ್ರೆ ಕಾಳುಮೆಣಸು, ಹಿಪ್ಪಲಿ, ಶುಂಠಿ.

ಆ ಕಾಲದ ಊಟ ಒಮ್ಮೆ ಮಾಡಿ ನೋಡೋಣ ಅನ್ನಿಸಿತು. ಅದಕ್ಕೆ ಹಳೇ ಗ್ರಂಥವೇನೂ ಬೇಕಾಗಲಿಲ್ಲ, ತಿಥಿ ಅಡುಗೆ ಗೊತ್ತಿತ್ತಲ್ವಾ! ನಮ್ಮಲ್ಲಿ ತಿಥಿ ದಿನ ಒಣಮೆಣಸು, ಟೊಮೆಟೊ, ಆಲೂಗಡ್ಡೆ, ಕೋಸು ಒಳಗೆ ಬರುವ ಹಾಗಿಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಕೆಸು, ಉದ್ದು, ಎಳ್ಳು ಇವೇ. ಹೊಸದಾಗಿ ಬಂದ ತರಕಾರಿಗೆ ಪಿತೃಗಳ ಎಲೆಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಶುರು ಮಾಡಿದ್ದು ಹಾಗಲಕಾಯಿ ಮೆಣಸ್ಕಾಯಿಯಿಂದ. ಉದ್ದಿನಬೇಳೆ, ಕೊತ್ತಂಬರಿ, ಎಳ್ಳು ಬೇರೆಬೇರೆ ಹುರಿದೆ. ಒಣಮೆಣಸಿನ ಜಾಗಕ್ಕೆ ಕಾಳುಮೆಣಸು, ಹತ್ತು ಜನಕ್ಕೆ ಎರಡು ಚಮಚ. ಅರ್ಧ ಹುರಿದು ತೆಂಗಿನಕಾಯಿ ಜೊತೆ ರುಬ್ಬಬೇಕು. ಉಳಿದರ್ಧ ತರಿತರಿಯಾಗಿ ಕುಟ್ಟಿ, ಒಲೆಯಿಂದ ಇಳಿಸುವ ಹೊತ್ತಿಗೆ ಉದುರಿಸಬೇಕು. ಕುದ್ದಷ್ಟೂ ಇದರ ಘಮ ಹಾರಿಹೋಗುತ್ತದೆ, ಖಾರ ಮಾತ್ರ ಉಳಿಯುತ್ತದೆ. ಒಣಮೆಣಸು ನಾಲಿಗೆಗೆ ತಕ್ಷಣ ಹತ್ತುತ್ತದೆ, ಇದು ನುಂಗಿದ ಮೇಲೆ ಗಂಟಲಲ್ಲಿ ಏಳುತ್ತದೆ. ಅದಕ್ಕೇ ರುಚಿ ನೋಡಿದ ಕೂಡಲೇ ಸಾಲದು ಅಂತ ಮತ್ತೆ ಹಾಕಬಾರದು, ಸ್ವಲ್ಪ ತಡೆಯಬೇಕು. ಬಣ್ಣ ಮಾತ್ರ ಬೂದಿ. ಸಹಾಯಕ್ಕೆ ಬರುವ ಹುಡುಗಿ ಪಾತ್ರೆ ಇಣುಕಿ, "ಅಕ್ಕಾ, ಮೆಣಸಿನಪುಡಿ ಹಾಕೋದು ಬಿಟ್ಟೋಯ್ತಾ?" ಅಂದಳು.

ಕಾಳುಮೆಣಸಿಗೆ ನಾನು ಅಂಗಡಿಗೆ ಹೋಗಬೇಕಿಲ್ಲ. ತೋಟದ ಅಡಿಕೆ ಮರಕ್ಕೇ ಬಳ್ಳಿ ಹಬ್ಬಿದೆ. ನನಗೆ ತುಂಬಾ ಹಿಡಿಸಿದ ಸಂಗತಿ ಇದೇ: ಕರಾವಳಿಯ ಖಾರ ಬಹುಪಾಲು ಘಟ್ಟದ ಮೇಲಿನದು. ಆಗ ಮಲೆನಾಡಿನ ಕಾಳುಮೆಣಸು, ಈಗ ಬ್ಯಾಡಗಿ ಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ. ಆಮೇಲೆ ಕೆಳದಿಯವರು ಬಂದರು. ಶಿವಪ್ಪನಾಯಕ ಬಿದನೂರಿನಲ್ಲಿ, ಅಂದ್ರೆ ಈಗಿನ ಹೊಸನಗರ ತಾಲ್ಲೂಕಿನ ನಗರದಲ್ಲಿ ಕೂತು ಬಸ್ರೂರು, ಮಂಗಳೂರಿನಂಥ ಬಂದರುಗಳನ್ನು ಆಳಿದ. ಮೆಣಸು ಘಟ್ಟ ಇಳಿಯಿತು, ಉಪ್ಪು, ಒಣಮೀನು ಘಟ್ಟ ಹತ್ತಿದವು.

ಆ ಉಪ್ಪಿನ ಬೆಲೆ ತಿಳಿಯಬೇಕಾದರೆ ಉಪ್ಪುಸೊಳೆ ಪಲ್ಯ ಮಾಡಬೇಕು. ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿಯ ಸೊಳೆಗೆ ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿದರೆ, ಆಷಾಢದ ಮಳೆಯಲ್ಲಿ ತರಕಾರಿ ಇಲ್ಲದಾಗ ಅದೇ ಗತಿ. ನಾನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ನೀರು ಬದಲಿಸುತ್ತಾ ಹಿಂಡುತ್ತೇನೆ. ಇದರಲ್ಲಿ ಅವಸರ ಮಾಡಿದರೆ ಪಲ್ಯ ಬಾಯಿಗಿಡೋಕಾಗಲ್ಲ. ಹುಳಿಗೆ ಮುರುಗಲ ಸಿಪ್ಪೆ ಇದ್ದೇ ಇದೆ.

ಊಟ ಮಾಡಿದವರು ಬಡಿಸಿಕೊಂಡು ತಿಂದರು. ಆದರೆ ಒಂದು ಗೃಹಪ್ರವೇಶದಲ್ಲಿ ಹಿರಿಯರೊಬ್ಬರು ಎಲೆ ನೋಡಿದವರೇ, "ಇದು ತಿಥಿ ಊಟ ಆಯ್ತಲ್ಲ ಮಾರಾಯ್ತಿ!" ಅಂದುಬಿಟ್ಟರು. ಅವರ ಮಾತಲ್ಲಿ ತಪ್ಪೇನಿಲ್ಲ. ಈಗ ಶುಭಕಾರ್ಯ ಅಂದ್ರೆ ಉದ್ದಿನವಡೆ, ಎಳ್ಳುಂಡೆ ಎರಡನ್ನೂ ಬಿಟ್ಟು ಕಡಲೆಬೇಳೆ ಅಂಬೊಡೆ ಕರಿಯುತ್ತೇನೆ. ಸಾರಿಗೆ ಅರಿಶಿನ ತುಸು ಜಾಸ್ತಿ ಹಾಕುತ್ತೇನೆ. ಅಷ್ಟಾದರೆ ಯಾರೂ ಕೇಳೋದಿಲ್ಲ.