ತಾರಸಿ ಮೇಲಿನ ಎಸಿಗಳಿಗೆ ಮರೆ ಕಟ್ಟಿದ ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ಮೊದಲು ಗೇಟು, ಗ್ರಿಲ್ಲು, ಶೀಟಿನ ಚಪ್ಪರ ಮಾಡುತ್ತಿದ್ದೆ. ಈಗ ಜಾಸ್ತಿ ಬರುವ ಕೆಲಸ ಅಂದ್ರೆ ಅಂಗಡಿ, ನರ್ಸಿಂಗ್ ಹೋಮ್, ಹೋಟೆಲ್ ಕಟ್ಟಡಗಳ ತಾರಸಿ ಮೇಲೆ ಮರೆ ಕಟ್ಟುವುದು. ಎಸಿಯ ಔಟ್‌ಡೋರ್ ಯೂನಿಟ್‌ಗಳು, ಕೂಲಿಂಗ್ ಟವರ್, ಅಡುಗೆಮನೆಯ ಹೊಗೆ ಎಳೆಯುವ ಡಕ್ಟ್, ಇವೆಲ್ಲ ರಸ್ತೆಗೆ ಕಾಣಬಾರದು ಅಂತ ಮಾಲೀಕರು ಕೇಳುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಶೀಟ್ ಹಾಕ್ತೀರಾ, ಚದರಡಿಗೆ ಎಷ್ಟು?" ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಇದು ನನಗೆ ಗೊತ್ತಾಗಿದ್ದು ಒಂದು ತಪ್ಪಿನಿಂದ. ಕಾಳಿದಾಸ ರಸ್ತೆ ಕಡೆ ಒಂದು ಮೂರು ಅಂತಸ್ತಿನ ಕಟ್ಟಡ. ಸುತ್ತಲೂ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಹಾಕಿ ಪೂರ್ತಿ ಮುಚ್ಚಿದೆ. ನೋಡಲು ತುಂಬಾ ಚೆನ್ನಾಗಿತ್ತು, ಮಾಲೀಕರೂ ಮೆಚ್ಚಿಕೊಂಡರು. ಏಪ್ರಿಲ್ ಬಂತು. ಮಧ್ಯಾಹ್ನವಾದರೆ ಸಾಕು, ಎಸಿಗಳು ಒಂದೊಂದಾಗಿ ಟ್ರಿಪ್ ಆಗತೊಡಗಿದವು. ಮಂಡ್ಯ ಕಡೆಯ ಮೆಕ್ಯಾನಿಕ್ ಒಬ್ಬರು ನನ್ನನ್ನು ಮೇಲೆ ಕರೆದು ಮರೆಯ ಒಳಗೆ ನಿಲ್ಲಿಸಿದರು. ಒಲೆ ಮುಂದೆ ನಿಂತ ಹಾಗಿತ್ತು. "ನೋಡಿ ಸಾ, ತಾನ್ ಬುಟ್ಟ ಬಿಸಿ ಗಾಳಿನ ತಾನೇ ಕುಡೀತಾ ಅದೆ" ಅಂದರು. ಎರಡು ಶೀಟ್ ಬಿಚ್ಚಿ ಪಕ್ಕಕ್ಕೆ ಇಟ್ಟರು. ಸ್ವಲ್ಪ ಹೊತ್ತಿಗೆ ಮೆಷಿನ್ ಸರಿಯಾಗಿ ಓಡಿತು. ಆ ಶೀಟ್‌ಗಳನ್ನು ಮತ್ತೆ ಹಾಕಲಿಲ್ಲ. ಇಡೀ ಮರೆಯನ್ನೇ ನನ್ನ ಖರ್ಚಿನಲ್ಲಿ ಬದಲಾಯಿಸಿದೆ.

ಔಟ್‌ಡೋರ್ ಯೂನಿಟ್ ಮಾಡುವ ಕೆಲಸ ಒಂದೇ. ಕಟ್ಟಡದ ಒಳಗಿನ ಶಾಖವನ್ನು ಹೊರಗಿನ ಗಾಳಿಗೆ ದಾಟಿಸುವುದು. ಹೊರಗಿನ ಗಾಳಿ ಬಿಸಿ ಇದ್ದಷ್ಟೂ ಕಂಪ್ರೆಸರ್ ಜಾಸ್ತಿ ಒತ್ತಡದಲ್ಲಿ ಓಡಬೇಕು, ಕರೆಂಟೂ ಜಾಸ್ತಿ ಎಳೆಯುತ್ತದೆ. ಒತ್ತಡ ಮಿತಿ ಮೀರಿದರೆ ತಾನೇ ನಿಂತುಬಿಡುತ್ತದೆ. ಹಾಗಾಗಿ ಈಗ ನಾನು ಮೊದಲು ನೋಡುವುದು ಮೆಷಿನ್ ಗಾಳಿ ಎಲ್ಲಿಂದ ಎಳೆಯುತ್ತದೆ, ಎಲ್ಲಿಗೆ ಬಿಡುತ್ತದೆ ಅಂತ. ದೊಡ್ಡ ವಿಆರ್‌ಎಫ್ ಯೂನಿಟ್‌ಗಳು (ಒಂದೇ ಮೆಷಿನ್ ಹಲವು ಕೋಣೆಗಳ ಎಸಿ ನಡೆಸುವಂಥವು) ಸಾಮಾನ್ಯವಾಗಿ ಪಕ್ಕದಿಂದ ಎಳೆದು ಮೇಲಕ್ಕೆ ಬಿಡುತ್ತವೆ. ಅದಕ್ಕೆ ಮೇಲ್ಭಾಗ ಪೂರ್ತಿ ತೆರೆದಿರಬೇಕು, ಪಕ್ಕದ ಮರೆ ಜಾಲಿ ಹಾಗಿರಬೇಕು. ಮರೆ ಫ್ಯಾನಿಗಿಂತ ತುಂಬಾ ಎತ್ತರ ಹೋಗಬಾರದು. ಹೋಗಲೇಬೇಕಾದರೆ ಫ್ಯಾನ್ ಮೇಲೆ ಡಕ್ಟ್ ಕೂರಿಸಿ ಬಿಸಿ ಗಾಳಿಯನ್ನು ಮರೆಯ ಮೇಲ್ಮಟ್ಟಕ್ಕೆ ತರಬೇಕು. ಸಣ್ಣ ಸ್ಪ್ಲಿಟ್ ಯೂನಿಟ್‌ಗಳು ಹಿಂದಿನಿಂದ ಎಳೆದು ಮುಂದಕ್ಕೆ ಊದುತ್ತವೆ. ಅದರ ಮುಖಕ್ಕೆ ಅಡ್ಡ ಏನು ಇಟ್ಟರೂ ಗಾಳಿ ಬಡಿದು ವಾಪಸ್ ಬರುತ್ತದೆ. ಎಷ್ಟು ಅಂತರ ಬಿಡಬೇಕು ಅಂತ ಕಂಪನಿಯ ಇನ್‌ಸ್ಟಾಲೇಷನ್ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಆ ಪುಟ ನೋಡದೆ ನಾನು ಅಳತೆ ಟೇಪ್ ಬಿಚ್ಚುವುದಿಲ್ಲ.

ಎರಡನೆಯದು, ಯಾರ ಕಣ್ಣಿಗೆ ಮರೆ? ಇದನ್ನು ತಿಳಿಯಲು ತಾರಸಿ ಮೇಲೆ ನಿಂತರೆ ಆಗಲ್ಲ, ರಸ್ತೆಗೆ ಇಳಿಯಬೇಕು. ಒಂದು ಲೆಕ್ಕ ಹೇಳುತ್ತೇನೆ. ತಾರಸಿ ನೆಲದಿಂದ 45 ಅಡಿ ಎತ್ತರ. ಪ್ಯಾರಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಮೂರೂವರೆ ಅಡಿ. ಮೆಷಿನ್‌ಗಳು ಪ್ಯಾರಪೆಟ್‌ನಿಂದ 20 ಅಡಿ ಹಿಂದಿವೆ. ಕಟ್ಟಡದಿಂದ 60 ಅಡಿ ದೂರದಲ್ಲಿ ನಿಂತವರ ಕಣ್ಣು 5 ಅಡಿ ಎತ್ತರದಲ್ಲಿದೆ ಅಂದುಕೊಳ್ಳಿ. ಅವರ ನೋಟ ಪ್ಯಾರಪೆಟ್ ಅಂಚನ್ನು ಸವರಿ, ಮೆಷಿನ್ ಇರುವ ಜಾಗದಲ್ಲಿ ತಾರಸಿಯಿಂದ 18 ಅಡಿ ಮೇಲೆ ಹಾದುಹೋಗುತ್ತದೆ. ಅಂದರೆ ಆ ಕಡೆ ಮರೆಯೇ ಬೇಡ! ಅದೇ ಮನುಷ್ಯ 300 ಅಡಿ ದೂರ ಹೋದರೆ ನೋಟ ಆರೂವರೆ ಅಡಿಗಿಂತ ಕೆಳಗೆ ಇಳಿಯುತ್ತದೆ. ಸ್ಟ್ಯಾಂಡ್ ಸೇರಿ 7 ಅಡಿ ಇರುವ ಮೆಷಿನ್ನಿನ ತಲೆ ಆಗ ಕಾಣುತ್ತದೆ. ಮೈಸೂರಿನ ಅಗಲ ರಸ್ತೆಗಳಲ್ಲಿ, ಸರ್ಕಲ್‌ಗಳ ಹತ್ತಿರ ಇದು ತುಂಬಾ ಮುಖ್ಯ. ಕಟ್ಟಡ ಇನ್ನೂ ನಕ್ಷೆಯಲ್ಲೇ ಇದ್ದರೆ ಮೆಷಿನ್‌ಗಳನ್ನು ಇನ್ನು ಹತ್ತು ಅಡಿ ಹಿಂದಕ್ಕೆ ಇಡಿ ಅಂತ ಹೇಳಿ ನಾನೇ ಕೆಲಸ ಕಡಿಮೆ ಮಾಡಿಸಿದ್ದೇನೆ.

ಆದರೆ ಎದುರಿಗೆ ಐದು ಅಂತಸ್ತಿನ ಹೋಟೆಲ್ ಇದ್ದರೆ ಈ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಅಲ್ಲಿ ನೋಟ ಮೇಲಿನಿಂದ ಕೆಳಕ್ಕೆ. ಲೂವರ್ (ಓರೆ ಪಟ್ಟಿಗಳನ್ನು ಸಾಲಾಗಿ ಕೂರಿಸಿದ ಮರೆ) ಹಾಕುವವರು ಇದನ್ನು ಖಂಡಿತ ತಿಳಿದಿರಬೇಕು. ಕಿಟಕಿಗೆ ಹಾಕುವ ಲೂವರ್‌ನಲ್ಲಿ ಪಟ್ಟಿಯ ಹೊರ ಅಂಚು ಕೆಳಗಿರುತ್ತದೆ, ಮಳೆ ನೀರು ಹೊರಕ್ಕೆ ಜಾರಲಿ ಅಂತ. ಅದನ್ನೇ ತಾರಸಿಗೆ ಹಾಕಿದರೆ ಕೆಳಗಿನಿಂದ ನೋಡುವವರ ನೋಟ ಪಟ್ಟಿಗಳ ಸಂದಿಯಲ್ಲೇ ನುಗ್ಗಿ ಒಳಗಿನದೆಲ್ಲ ಕಾಣುತ್ತದೆ. ರಸ್ತೆಯ ನೋಟ ತಡೆಯಬೇಕಾದರೆ ಪಟ್ಟಿಯನ್ನು ಉಲ್ಟಾ ಕೂರಿಸಬೇಕು, ಹೊರ ಅಂಚು ಮೇಲೆ, ಒಳ ಅಂಚು ಕೆಳಗೆ. ಮಳೆ ಒಳಗೆ ಬಿದ್ದರೆ ಬೀಳಲಿ, ಮೆಷಿನ್ ಹೇಗೂ ಮಳೆಯಲ್ಲೇ ಇರುವಂಥದ್ದು. ಎದುರಿನ ಎತ್ತರದ ಕಟ್ಟಡದವರ ನೋಟ ತಡೆಯುವುದಕ್ಕೆ ಮಾತ್ರ ಮಾಮೂಲಿ ಇಳಿಜಾರು ಸರಿ. ಒಂದೇ ತಾರಸಿಯಲ್ಲಿ ಒಂದು ಬದಿ ಹೀಗೆ, ಇನ್ನೊಂದು ಬದಿ ಹಾಗೆ ಹಾಕಿದ್ದೂ ಇದೆ. ಕೆಲಸದ ಹುಡುಗರು ಮೊದಲ ಸಲ ಕೇಳಿದಾಗ "ಅಣ್ಣ, ಉಲ್ಟಾ ಆಯ್ತಲ್ಲ" ಅಂದರು. ರಸ್ತೆಗೆ ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಒಪ್ಪಿದರು.

ತೂತಿನ ಶೀಟ್ ಆರಿಸುವಾಗ ತೂತಿನ ಗಾತ್ರ ಮಾತ್ರ ನೋಡಬೇಡಿ, ಎಷ್ಟು ಪಾಲು ಖಾಲಿ ಇದೆ ಅಂತ ಕೇಳಿ. 5 ಮಿಲಿಮೀಟರ್ ತೂತು, ಎರಡು ತೂತಿನ ನಡುಗಳ ಮಧ್ಯೆ 8 ಮಿಲಿಮೀಟರ್ ಇದ್ದರೆ ಖಾಲಿ ಜಾಗ ಸುಮಾರು ಶೇ. 35. 10ರ ತೂತು, 13ರ ಅಂತರ ಆದರೆ ಸುಮಾರು ಶೇ. 54. ದೂರದ ರಸ್ತೆಯಿಂದ ಎರಡರಲ್ಲೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಮೆಷಿನ್ನಿಗೆ ಮಾತ್ರ ತುಂಬಾ ವ್ಯತ್ಯಾಸ. ನಾನು ಅರ್ಧಕ್ಕಿಂತ ಕಡಿಮೆ ಖಾಲಿ ಇರುವ ಶೀಟನ್ನು ಎಸಿ ಪಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ.

ಇನ್ನು ಗಾಳಿ. ಭರಣಿ, ಕೃತ್ತಿಕೆ ಮಳೆ ಬರುವಾಗಿನ ಗಾಳಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಮರಗಳೇ ಉರುಳುತ್ತವೆ. ಕಟ್ಟಡದ ಮೇಲೆ ಗಾಳಿಯ ಒತ್ತಡ ಲೆಕ್ಕ ಹಾಕಲು ಐಎಸ್ 875 ಅನ್ನುವ ಭಾರತೀಯ ಮಾನದಂಡದ ಮೂರನೇ ಭಾಗ ಇದೆ. ಅದರಲ್ಲಿ ಮೈಸೂರಿಗೆ ಗಾಳಿಯ ಮೂಲ ವೇಗ (ಲೆಕ್ಕ ಶುರು ಮಾಡುವ ವೇಗ) ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ ಬೀಳುತ್ತದೆ. 10 ಅಡಿ ಉದ್ದ, 8 ಅಡಿ ಎತ್ತರದ ಒಂದೇ ಒಂದು ಮುಚ್ಚಿದ ಶೀಟಿನ ಮೇಲೆ ಅರ್ಧ ಟನ್ನಿಗೆ ಹತ್ತಿರ! ಎತ್ತರ, ಆಕಾರ ನೋಡಿ ಇದು ಇನ್ನೂ ಬದಲಾಗುತ್ತದೆ, ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರವೇ ಮಾಡಿಸುತ್ತೇನೆ. ತೂತಿನ ಶೀಟಿಗೆ ಒತ್ತಡ ಕಡಿಮೆ ನಿಜ, ಆದರೆ ಅರ್ಧ ತೂತು ಅಂದರೆ ಅರ್ಧ ಒತ್ತಡ ಅಂತ ಸುಮ್ನೆ ಅಂದಾಜು ಮಾಡಬಾರದು.

ಹಾಗಾಗಿ ನಾಲ್ಕಿಂಚಿನ ಇಟ್ಟಿಗೆ ಪ್ಯಾರಪೆಟ್‌ಗೆ ಬೋಲ್ಟ್ ಹೊಡೆದು ಮರೆ ನಿಲ್ಲಿಸಿ ಅಂದರೆ ನಾನು ಒಪ್ಪುವುದಿಲ್ಲ. ಕಾಲಂ ಅಥವಾ ಬೀಮ್ ಮೇಲೆ ಕಾಂಕ್ರೀಟ್ ಪೆಡಸ್ಟಲ್ (ಗಿಡ್ಡ ಕಂಬ) ಮಾಡಿಸಿ, ಅದರ ಸುತ್ತ ವಾಟರ್‌ಪ್ರೂಫಿಂಗ್ ಮುಗಿಸಿ, ಆಮೇಲೆ ಅದರ ಮೇಲೆ ಮರೆಯ ಫ್ರೇಮಿನ ಬೇಸ್ ಪ್ಲೇಟ್. ವಾಟರ್‌ಪ್ರೂಫಿಂಗ್ ಆದ ತಾರಸಿಗೆ ಡ್ರಿಲ್ ಇಟ್ಟರೆ ಮುಂದಿನ ಮಳೆಗಾಲಕ್ಕೆ ಕೆಳಗಿನ ಅಂಗಡಿಯಲ್ಲಿ ಬಕೆಟ್ ಇಡಬೇಕಾಗುತ್ತದೆ, ಅಲ್ವಾ?

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ನನ್ನ ಆಯ್ಕೆ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ. ಕಬ್ಬಿಣದ ಮೂರನೇ ಒಂದು ಪಾಲು ತೂಕ, ಹಳೆ ಕಟ್ಟಡಕ್ಕೆ ಅದೇ ಸರಿ. ಬಿಸಿಲಿಗೆ ಹಿಗ್ಗುತ್ತದೆ, 20 ಅಡಿ ಉದ್ದಕ್ಕೆ 35 ಡಿಗ್ರಿ ಏರಿದರೆ ಸುಮಾರು 5 ಮಿಲಿಮೀಟರ್. ಅದಕ್ಕೆ ಬೋಲ್ಟಿನ ತೂತು ಉದ್ದಕ್ಕಿರಬೇಕು, ಇಲ್ಲದಿದ್ದರೆ ಟಕ್ ಟಕ್ ಸದ್ದು ಬರುತ್ತದೆ. ಕಬ್ಬಿಣದ ಫ್ರೇಮಿಗೆ ಅಲ್ಯೂಮಿನಿಯಂ ಕೂರಿಸುವಾಗ ನಡುವೆ ನೈಲಾನ್ ವಾಷರ್, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ಸಿಮೆಂಟ್ ಜಾಲಿ ನೋಡಲು ಚಂದ, ಆದರೆ ಭಾರ. ಕಟ್ಟಡ ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿದಿದ್ದರೆ ಮಾತ್ರ. ಬಣ್ಣಕ್ಕೆ ಹೊಳಪಿಲ್ಲದ ತಿಳಿ ಬೂದು, ಆಕಾಶದ ಜೊತೆ ಬೆರೆತುಹೋಗುತ್ತದೆ.

ಸದ್ದಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಬೇಜಾರಾಗುತ್ತದೆ. ತೂತಿನ ಶೀಟ್ ಸದ್ದು ತಡೆಯುವುದಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಪಕ್ಕದ ಮನೆಯವರ ದೂರು ಇದ್ದರೆ ಅದಕ್ಕೆ ಭಾರವಾದ, ಸಂದಿ ಇಲ್ಲದ ಗೋಡೆಯೋ ಮೆಷಿನ್ನಿನ ಜಾಗ ಬದಲಿಸುವುದೋ ಬೇರೆಯೇ ದಾರಿ.

ಮೈಸೂರಿನಲ್ಲಿ ಇನ್ನೊಂದು ವಿಷಯ ಇದೆ, ದಸರಾ. ಜಂಬೂಸವಾರಿ ಹೋಗುವ ಸಯ್ಯಾಜಿರಾವ್ ರಸ್ತೆ ಕಡೆಯ ಕಟ್ಟಡವಾದರೆ ತಾರಸಿ ತುಂಬ ಜನ ಇರುತ್ತಾರೆ. ಮರೆಗೆ ಒರಗುತ್ತಾರೆ, ಮಕ್ಕಳು ಹತ್ತುತ್ತಾರೆ. ಅಂಥ ಕಡೆ ಜನ ಒರಗುವ ಎತ್ತರದಲ್ಲಿ ಒಂದು ಗಟ್ಟಿ ಅಡ್ಡ ಪೈಪ್ ಹಾಕಿಯೇ ಹಾಕುತ್ತೇನೆ, ಅದಕ್ಕೆ ದುಡ್ಡು ಕೊಡದಿದ್ದರೂ ಸರಿ. ಮತ್ತೆ ಹಬ್ಬಕ್ಕೆ ಅಂತ ಮರೆ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟುತ್ತಾರೆ. ದಯವಿಟ್ಟು ಕಟ್ಟಬೇಡಿ. ತೂತುಗಳೆಲ್ಲ ಮುಚ್ಚಿ ಎಸಿಗೆ ಉಸಿರು ಕಟ್ಟುತ್ತದೆ, ಗಾಳಿ ಬಂದರೆ ಮರೆ ದೋಣಿಯ ಹಾಯಿ ಆಗುತ್ತದೆ. ಸೀರಿಯಲ್ ಸೆಟ್ ಬೇಕಾದರೆ ಹಾಕಿಕೊಳ್ಳಿ, ಅದಕ್ಕೆ ಕೊಕ್ಕೆ ನಾನೇ ಕೂರಿಸಿ ಕೊಡುತ್ತೇನೆ.

ಕೊನೆಗೆ ಮೆಕ್ಯಾನಿಕ್‌ಗೆ ದಾರಿ. ಮೆಷಿನ್ನಿನ ಸರ್ವಿಸ್ ಬಾಗಿಲು ಇರುವ ಕಡೆಯ ಪ್ಯಾನೆಲ್‌ಗೆ ಕಬ್ಜಾ ಹಾಕಿ ಬಾಗಿಲಿನ ಹಾಗೆ ಮಾಡುತ್ತೇನೆ, ಕಂಪ್ರೆಸರ್ ಹೊರಗೆ ತೆಗೆಯುವಷ್ಟು ಅಗಲ. ಒಳಗೆ ಪಾರಿವಾಳ ಗೂಡು ಕಟ್ಟದಂತೆ ಬಲೆ ಹಾಕಿದರೆ ಅದೂ ಆ ಬಾಗಿಲಿನ ಜೊತೆಗೇ ತೆರೆಯಬೇಕು. ಕೆಲಸ ಮುಗಿದ ದಿನ ಎಸಿ ಮೆಕ್ಯಾನಿಕ್‌ನನ್ನೇ ಕರೆಸಿ, ಅವನ ಕೈಯಲ್ಲೇ ಬಾಗಿಲು ತೆಗೆಸಿ, ಕಾಯಿಲ್ ತೊಳೆಸಿ, ಮುಚ್ಚಿಸಿ ನೋಡುತ್ತೇನೆ. ಅವನು ಸರಿ ಅಂದ ಮೇಲೆ ಬಿಲ್ ಕೊಡುತ್ತೇನೆ.